ಸಾಲಿನ ಕಡೆಯ ಜಾಗ

ನಮ್ಮೂರಿನ ಮತದಾರರ ಪಟ್ಟಿ ಬರೆದವನು ನಾನು. ಅದೇನು ಮಹಾ ಅನ್ನುತ್ತೀರಿ, ಗೊತ್ತು. ನಿಮ್ಮೂರಿನಲ್ಲಿ ಮನೆಗಳು ಇದ್ದಲ್ಲೇ ಇರುತ್ತವೆ. ಒಂದನೇ ನಂಬರಿನ ಪಕ್ಕ ಎರಡು, ಎರಡರ ಪಕ್ಕ ಮೂರು. ಕಣ್ಣು ಮುಚ್ಚಿಕೊಂಡು ಬರೆದುಕೊಂಡು ಹೋಗಬಹುದು. ನಮ್ಮಲ್ಲಿ ಹಾಗಲ್ಲ. ಬೆಳಿಗ್ಗೆ ಕೋಟೆ ಬೀದಿಯಲ್ಲಿದ್ದ ಮನೆ ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಎದ್ದು ಹೋಗಿ ಕೆರೆಯಾಚೆ ಕೂತಿರುತ್ತದೆ. ಹುಚ್ಚೀರಪ್ಪನ ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡ ತೆಗೆಸಿಕೊಂಡು ಎಲೆಯಡಿಕೆ ಉಗುಳಲು ಆಚೆ ಬಂದವನೊಬ್ಬ, ಮಿಕ್ಕರ್ಧ ತೆಗೆಸಲು ಏಳು ಮೈಲಿ ನಡೆದ. ಎಂಟಿದ್ದರೂ ಇರಬಹುದು. ನಾನು ಹೆಚ್ಚಿಗೆ ಹೇಳುವವನಲ್ಲ.

ಇಂಥ ಊರಿನಲ್ಲಿ ನಾನು, ಓಬಳೇಶಪ್ಪ ಮೇಷ್ಟ್ರು, ಹದಿನಾರು ವರ್ಷದಿಂದ ಬೂತ್ ಮಟ್ಟದ ಅಧಿಕಾರಿ. ಶಾಲೆಯಲ್ಲಿ ಮಗ್ಗಿ ಹೇಳಿಸುವುದು ಒಂದು ಕೆಲಸ, ಮನೆ ಮನೆಗೆ ಹೋಗಿ ಹೆಸರು ಬರೆದುಕೊಳ್ಳುವುದು ಇನ್ನೊಂದು. ನಾನೂರ ಹನ್ನೆರಡು ಮನೆ. ಅವುಗಳಲ್ಲಿ ಯಾವುದು ಯಾವ ದಿನ ಎಲ್ಲಿರುತ್ತದೆ ಎಂಬುದನ್ನು ಹೇಳಬಲ್ಲವನು ಈ ಭೂಮಿಯ ಮೇಲೆ ನಾನೊಬ್ಬನೇ. ಅದಕ್ಕೆ ಕಾರಣ ರಂಗೋಲಿ. ನಮ್ಮಲ್ಲಿ ಹೊಸದಾಗಿ ಬಂದ ಸೊಸೆಗೆ ಅತ್ತೆ ಮೊದಲು ಕಲಿಸುವುದು ಸಾರಿನ ಹದವನ್ನಲ್ಲ, ಮನೆಯ ರಂಗೋಲಿಯನ್ನು. ಒಂದು ಮನೆಯ ರಂಗೋಲಿಯನ್ನು ಇನ್ನೊಂದು ಮನೆಯವರು ಹಾಕುವಂತಿಲ್ಲ. ರಂಗೋಲಿ ಹಾಕದವರು ಬಾಗಿಲಿಗೆ ತಮ್ಮದೇ ಬಣ್ಣದ ಪರದೆ ಇಳಿಬಿಡುತ್ತಾರೆ. ನೀರಿಗೆ ಹೋದವರು, ಹೊಲಕ್ಕೆ ಹೋದವರು ವಾಪಸು ಬರುವಾಗ ಬೀದಿ ನೋಡುವುದಿಲ್ಲ, ನೆಲ ನೋಡಿಕೊಂಡು ಬರುತ್ತಾರೆ. ಹಾಗಾಗಿ ಹೊರಗಿನವರು ನಮ್ಮನ್ನು ಬಹಳ ನಾಚಿಕೆಯ ಜನ ಅಂದುಕೊಂಡಿದ್ದಾರೆ. ನನ್ನ ಪುಸ್ತಕದಲ್ಲಿ ಒಂದೊಂದು ಮನೆ ನಂಬರಿನ ಎದುರಿಗೂ ಅದರ ರಂಗೋಲಿಯೋ ಪರದೆಯ ಬಣ್ಣವೋ ಇದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಎಲ್ಲವನ್ನೂ ಬಿಡಿಸಬಲ್ಲೆ.

ಕದಲದೆ ಇರುವುದು ನಮ್ಮ ಶಾಲೆಯೊಂದೇ. ಸರ್ಕಾರಿ ಕಟ್ಟಡ, ಎಲ್ಲಿ ಕದಲೀತು? ಹಾಗಾಗಿ ಮತಗಟ್ಟೆ ಅಲ್ಲೇ.

ಇಷ್ಟೆಲ್ಲ ಅಲೆದರೂ ಮನೆಗಳು ಮೂರು ದಿನಕ್ಕೋ ಮೂರು ತಿಂಗಳಿಗೋ ತಮ್ಮ ತಮ್ಮ ಹಳೆಯ ಜಾಗಕ್ಕೆ ಬರುತ್ತವೆ. ಪಟ್ಟಿಯಲ್ಲಿ ಹೆಸರಿರುವ ತನಕ ಆ ಜಾಗದಲ್ಲಿ ಬೇರೆ ಮನೆ ಕೂರುವುದಿಲ್ಲ. ಹೆಸರು ತೆಗೆದುಹಾಕಿದರೆ ಮುಗಿಯಿತು, ಮನೆಗೆ ಊರು ಮರೆತುಹೋಗುತ್ತದೆ. ನನಗಿಂತ ಮುಂಚೆ ಪಟ್ಟಿ ನೋಡಿಕೊಳ್ಳುತ್ತಿದ್ದವರು ಅವಸರದಲ್ಲಿ ಸುಣ್ಣದ ಈರಣ್ಣನ ಹೆಸರಿನ ಮೇಲೆ ಗೆರೆ ಎಳೆದಿದ್ದರು. ಆಮೇಲೆ ಒಂದು ಸಂಜೆ ಈರಣ್ಣನ ಮನೆ ಕೆರೆ ಏರಿಯ ಮೇಲೆ ಹಾದು ಹೋಯಿತು. ಈರಣ್ಣ ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಊರಿಗೆ ಊರೇ ಓಡಿಹೋಗಿ ಕೂಗಿತು. ಬಸ್ಸಿನಲ್ಲಿ ಕೂತವರು ದಾರಿಬದಿಯ ಜನರನ್ನು ನೋಡುತ್ತಾರಲ್ಲ, ಹಾಗೆ ಅವನು ನಮ್ಮನ್ನು ನೋಡಿ, ಮರ್ಯಾದೆಗೆ ಒಂದು ಸಲ ಕೈ ಎತ್ತಿದ. ಮನೆ ನಿಲ್ಲಲಿಲ್ಲ. ಅವತ್ತಿನಿಂದ ನಾನು ಯಾರ ಹೆಸರಿನ ಮೇಲೂ ಗೆರೆ ಎಳೆಯುವ ಮುಂಚೆ ಮೂರು ದಿನ ಊಟ ಬಿಡುತ್ತೇನೆ. ಆಯಿತು, ಒಂದು ಹೊತ್ತು.

ಇನ್ನೂರ ಏಳನೇ ನಂಬರಿನ ಮನೆ ಸೀಬಮ್ಮನದು. ಹೊಲಿಗೆಯವರು. ಕಿವಿ ಕೇಳದ ಒಬ್ಬ ಸೋದರತ್ತೆಯನ್ನು ಜೊತೆಗಿಟ್ಟುಕೊಂಡು, ಶಾಲೆ ಮಕ್ಕಳ ಸಮವಸ್ತ್ರವನ್ನೆಲ್ಲ ಅವರೇ ಹೊಲಿಯುತ್ತಿದ್ದರು. ಊರಿನ ಮನೆಗಳೆಲ್ಲ ತಿರುಗಾಡುವುದು ನಿಜವಾದರೂ ಸೀಬಮ್ಮನ ಮನೆಯಷ್ಟು ಚಪಲದ ಮನೆ ಇನ್ನೊಂದಿರಲಿಲ್ಲ. ಅವರನ್ನು ನೋಡಲು ಗಂಡಿನ ಕಡೆಯವರು ಬಂದಾಗಲೆಲ್ಲ ಆ ಮನೆ ಎದ್ದು ಹೋಗಿರುತ್ತಿತ್ತು. ಬಂದವರು ಖಾಲಿ ಜಾಗವನ್ನು ನೋಡಿಕೊಂಡು, ಉಪ್ಪಿಟ್ಟು ಕೇಸರಿಬಾತು ಯಾವುದೂ ಇಲ್ಲದೆ ವಾಪಸಾಗುತ್ತಿದ್ದರು. ಹೆಸರು ಬರೆದುಕೊಳ್ಳುವವರು ಬಂದಾಗಲೂ ಅದೇ ಕಥೆ. ಹೀಗಾಗಿ ಮೂವತ್ತನಾಲ್ಕು ವರ್ಷವಾದರೂ ಸೀಬಮ್ಮನಿಗೆ ಗಂಡನೂ ಇರಲಿಲ್ಲ, ವೋಟೂ ಇರಲಿಲ್ಲ.

ಹತ್ತು ವರ್ಷದ ಹಿಂದೆ, ವಿಧಾನಸಭೆ ಚುನಾವಣೆಗೆ ಮೂರು ತಿಂಗಳಿದೆ ಅನ್ನುವಾಗ, ಅವರೇ ಶಾಲೆಗೆ ಬಂದರು.

"ಮೇಷ್ಟ್ರೇ, ಗಂಡಿಲ್ಲದಿದ್ರೆ ಹೋಗ್ಲಿ, ಈ ಬೆರಳಿಗೆ ಒಂದು ಸಲನಾದ್ರೂ ಮಸಿ ಬೀಳ್ಬೇಕು. ಅದೇನು ಬರ್ಕೋಬೇಕೋ ಬರ್ಕೊಳ್ಳಿ."

"ಅದಕ್ಕೇನಂತೆ? ನಮೂನೆ ಆರು ತುಂಬಬೇಕು. ಒಂದು ಫೋಟೋ, ವಯಸ್ಸಿಗೊಂದು ದಾಖಲೆ, ವಿಳಾಸಕ್ಕೊಂದು ದಾಖಲೆ."

"ವಯಸ್ಸಿಗೆ ಸ್ಕೂಲಿನ ಟಿ.ಸಿ. ಇದೆ. ವಿಳಾಸಕ್ಕೆ ಏನ್ ಕೊಡ್ಲಿ? ಇವತ್ತಿಂದೋ ನಾಳೇದೋ?"

ಪಡಿತರ ಚೀಟಿ ಸಾಕು ಅಂದೆ. ಅವರು ಹೇಳುತ್ತಾ ಹೋದರು, ನಾನು ನನ್ನ ದುಂಡು ಅಕ್ಷರದಲ್ಲಿ ತುಂಬುತ್ತಾ ಹೋದೆ. ಆ ನಮೂನೆಯ ಅಂದ ನೋಡಿ ತಾಲ್ಲೂಕು ಕಚೇರಿಯವರು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಲು ಹೊರಟಿದ್ದರಂತೆ. ಕಡೆಗೆ ಗುರುತಿಗೆ ಅವರ ರಂಗೋಲಿ ಕೇಳಿದೆ. ನನ್ನ ಪುಸ್ತಕದಲ್ಲಿ ಅವರೇ ಒಂಬತ್ತು ಚುಕ್ಕಿ ಇಟ್ಟು ಎಳೆ ಸುತ್ತಿದರು. ಕೊನೆಯ ಎಳೆಯನ್ನು ಸೇರಿಸಲಿಲ್ಲ.

"ಇದೊಂದು ಬಿಟ್ಟೋಯ್ತಲ್ಲ?"

"ಬಿಟ್ಟೋಗಿಲ್ಲ, ಬಿಟ್ಟಿರೋದು. ಪೂರ್ತಿ ಮುಚ್ಚಿಬಿಟ್ರೆ ಒಳಗೆ ಬರೋರು ಎಲ್ಲಿಂದ ಬರ್ಬೇಕು ಮೇಷ್ಟ್ರೇ?"

ಹಾಗಂದು ನನ್ನ ಅಂಗಿಯ ಕಾಲರು ನೋಡಿದರು. "ಇದೇನು, ಇಲಿ ತಿಂದಿದ್ಯಾ? ಪಟ್ಟಿಗೆ ಸೇರಿಸಿದ್ದಕ್ಕೆ ನಿಮಗೊಂದು ಅಂಗಿ ಹೊಲಿದುಕೊಡ್ತೀನಿ, ನೆಟ್ಟಗೆ ನಿಂತ್ಕೊಳ್ಳಿ" ಎಂದು ಕೊರಳಲ್ಲಿದ್ದ ಟೇಪು ತೆಗೆದರು. ನಾನು ಉಸಿರೆಳೆದು ಎದೆಯನ್ನು ನಲವತ್ತನಾಲ್ಕು ಇಂಚು ಮಾಡಿದೆ. ಅವರು ಟೇಪು ಹಿಡಿದುಕೊಂಡು ಸುಮ್ಮನೆ ಕಾದರು. ಮನುಷ್ಯ ಎಷ್ಟು ಹೊತ್ತು ಉಸಿರು ಹಿಡಿದಾನು? ಕೊನೆಗೆ ಮೂವತ್ತಾರು ಎಂದು ಬರೆದುಕೊಂಡರು.

ಮೊದಲು ಕರಡು ಪಟ್ಟಿ ಬಂತು, ಆಮೇಲೆ ಅಂತಿಮ ಪಟ್ಟಿ. ಎರಡರಲ್ಲೂ ಸೀಬಮ್ಮನ ಹೆಸರಿತ್ತು. ಶಾಲೆಯ ಗೋಡೆಗೆ ಅಂಟಿಸಿದ್ದ ಹಾಳೆಯ ಮುಂದೆ ನಿಂತು ಅವರು ತಮ್ಮ ಹೆಸರನ್ನು ಮೂರು ಸಲ ಓದಿಕೊಂಡರು. ನಾನು ಮುನ್ನೂರು ಸಲ ಓದಿದ್ದೆ.

ಮತದಾನದ ಹಿಂದಿನ ದಿನ ಬೆಳಿಗ್ಗೆ ಮತದಾರರ ಚೀಟಿ ಹಂಚುತ್ತಾ ಅವರ ಮನೆಗೆ ಹೋದೆ. ಮನೆ ತನ್ನ ಜಾಗದಲ್ಲೇ, ಮೋಜಣಿದಾರ ಪರ್ವತಯ್ಯನವರ ಮನೆಯ ಪಕ್ಕದಲ್ಲಿತ್ತು. ಮಿಷನ್ ಸದ್ದು ಬೀದಿಯ ತುದಿಗೇ ಕೇಳುತ್ತಿತ್ತು. ಸೀಬಮ್ಮ ಒಂದು ತಿಳಿನೀಲಿ ಅಂಗಿ ಕೈಗಿತ್ತರು. ಅದಕ್ಕೆ ಎಡತೋಳು ಮಾತ್ರ ಇತ್ತು.

"ಹಾಕ್ಕೊಂಡು ನೋಡಿ. ಈ ತೋಳು ಸರಿಯಾಗಿ ಕೂತ್ರೆ ಬಲದ್ದು ಹಚ್ತೀನಿ. ನಾಳೆ ವೋಟಿಗೆ ಬರೋವಾಗ ತರ್ತೀನಿ, ಅಲ್ಲೇ ನಿಂತು ನಾಲ್ಕು ಹೊಲಿಗೆ ಹಾಕಿದ್ರಾಯ್ತು."

ಅಂಗಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ನಿಂತೇ ಇದ್ದೆ. ನನ್ನ ಮಾತಿಗೆ ಎದುರುಮಾತು ಆಡುವವರು ಏಳು ಹೋಬಳಿಯಲ್ಲಿ ಇಲ್ಲ. ಅವತ್ತು ಮಾತ್ರ ನಾಲಿಗೆ ಒಣಗಿದ ಸೀಮೆಸುಣ್ಣದಂತಾಗಿತ್ತು.

"ಸೀಬಮ್ಮ, ನಾಳೆ ವೋಟು ಹಾಕಿದ ಮೇಲೆ ನಿಮಗೊಂದು ಮಾತು ಹೇಳೋದಿದೆ."

"ಈಗ್ಲೇ ಹೇಳಿ."

"ಈಗ ಆಗಲ್ಲ. ನೀತಿ ಸಂಹಿತೆ ಇದೆ."

ಅವರು ಮಿಷನ್ನಿನ ಮೇಲೆ ತಲೆಯಿಟ್ಟು ನಕ್ಕರು. ಕಣ್ಣೊರೆಸಿಕೊಂಡು, "ಸರಿ, ನಾಳೇನೇ ಹೇಳಿ. ನಾನು ತಡವಾದ್ರೆ ಸಾಲಿನಲ್ಲಿ ನನಗೊಂದು ಜಾಗ ಹಿಡ್ಕೊಂಡಿರಿ" ಅಂದರು.

"ಆಕಾಶ ಕಳಚಿ ಬಿದ್ರೂ ಹಿಡ್ಕೊಂಡಿರ್ತೀನಿ."

ಅವತ್ತು ಮಧ್ಯಾಹ್ನ ಮೂರು ಗಂಟೆಗೆ ಮನೆ ಎದ್ದು ಹೋಯಿತು.

ಸಾಲಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಗಂಡಸರಿಗೆ ಹೆಂಗಸರಿಗೆ ಒಂದೇ ಸಾಲು. ಬೇರೆ ಬೇರೆ ನಿಲ್ಲಿಸಿದರೆ ಯಾರಿಗಾಗಿ ಕಾಯಬೇಕೆಂದು ತಿಳಿಯದೆ ಮನೆಗಳು ಗಲಿಬಿಲಿಗೊಳ್ಳುತ್ತವೆ. ಸಂಜೆ ಆರು ಗಂಟೆಗೆ ಮತದಾನ ಮುಗಿಯಬೇಕು. ಆದರೆ ಆರು ಹೊಡೆಯುವಾಗ ಸಾಲಿನಲ್ಲಿ ಎಷ್ಟು ಜನ ನಿಂತಿರುತ್ತಾರೋ ಅಷ್ಟೂ ಜನಕ್ಕೆ ವೋಟು ಹಾಕುವ ಹಕ್ಕಿದೆ. ಮತಗಟ್ಟೆಯ ಅಧ್ಯಕ್ಷಾಧಿಕಾರಿ ತನ್ನ ಸಹಿ ಮಾಡಿದ ಚೀಟಿಗಳನ್ನು ತಂದು, ಸಾಲಿನ ಹಿಂದಿನಿಂದ ಶುರುಮಾಡಿ ಹಂಚುತ್ತಾರೆ. ಕಡೆಯಲ್ಲಿ ನಿಂತವರಿಗೆ ಒಂದನೇ ನಂಬರು, ಅವರ ಮುಂದಿನವರಿಗೆ ಎರಡು, ಹೀಗೆ ಬಾಗಿಲವರೆಗೆ. ಆಮೇಲೆ ಬಂದವರು ಯಾರೂ ನುಸುಳಬಾರದೆಂದು ಈ ಏರ್ಪಾಟು. ನಾನು ಲೆಕ್ಕ ಹಾಕಿದ್ದು ಇಷ್ಟೇ: ನಾನು ಕಡೆಯಲ್ಲಿ ನಿಂತರೆ ನನ್ನ ಹಿಂದಿನ ಜಾಗ ಸೀಬಮ್ಮನದು.

ಬೆಳಿಗ್ಗೆ ಏಳಕ್ಕೆ ನಿಂತವನು, ಬಂದವರಿಗೆಲ್ಲ "ನೀವು ಮುಂದೆ ಹೋಗಿ, ನೀವು ಮುಂದೆ ಹೋಗಿ" ಅನ್ನುತ್ತಾ ಸಂಜೆಯವರೆಗೆ ಸಾಲಿನ ಬಾಲ ಕಾದೆ. ಆರಕ್ಕೆ ಒಂದನೇ ನಂಬರಿನ ಚೀಟಿ ನನ್ನ ಕೈಗೆ ಬಂತು. ಗೇಟು ಮುಚ್ಚಿತು. ನಾನು ವೋಟು ಹಾಕಿ ಹೊರಬಂದಾಗ ಅಂಗಳದಲ್ಲಿ ಬಿಸ್ಕೆಟ್ಟಿನ ಖಾಲಿ ಪೊಟ್ಟಣಗಳು ಬಿಟ್ಟರೆ ಯಾರೂ ಇರಲಿಲ್ಲ. ರಾಜ್ಯಕ್ಕೆಲ್ಲ ಕಡೆಯ ವೋಟು ನನ್ನದೇ, ಚೀಟಿ ಮಾತ್ರ ಒಂದನೇ ನಂಬರಿನದು ಎಂದು ಊರೆಲ್ಲ ಸಾರಿಕೊಂಡು ಬಂದೆ. ಐದು ವರ್ಷವಾದ ಮೇಲೆ ಮತ್ತೆ ಚುನಾವಣೆ ಬಂತು. ಮತ್ತೆ ಸಾಲಿನ ಬಾಲ ಕಾದೆ. ಮತ್ತೆ ಒಂದನೇ ನಂಬರು.

ನಡುವೆ ಜನ ಕೇಳುತ್ತಿದ್ದರು, "ಏನ್ ಮೇಷ್ಟ್ರೇ, ನಿಮ್ಮ ಇನ್ನೂರ ಏಳು ಎಲ್ಲೂ ಕಾಣ್ಲಿಲ್ವಾ?" ಕಾಣಲಿಲ್ಲ ಅನ್ನುವ ಮಾತು ನನ್ನ ಬಾಯಿಗೆ ಬಂದದ್ದೇ ಇಲ್ಲ. "ಯಾಕೆ ಕಾಣಲ್ಲ? ಮೊನ್ನೆ ಕಾಲುವೆ ಪಕ್ಕ ಸಿಕ್ಕಿತ್ತು. ಕಾಫಿ ಕೊಟ್ರು, ಎರಡು ಲೋಟ" ಅನ್ನುತ್ತಿದ್ದೆ. ಒಮ್ಮೆ ಕೋಡುಬಳೆ ಸೇರಿಸಿದೆ. ಇನ್ನೊಮ್ಮೆ ಅವರ ಸೋದರತ್ತೆಗೆ ಕಿವಿ ಬಂದಿದೆ ಅಂದೆ. ಪ್ರತಿ ವರ್ಷ ಪಟ್ಟಿ ಪರಿಷ್ಕರಣೆಯ ಹೊತ್ತಿಗೆ ಇನ್ನೂರ ಏಳರ ಎದುರು 'ಭೇಟಿ ಮಾಡಿದ್ದೇನೆ, ವಾಸವಿದ್ದಾರೆ' ಎಂದು ಬರೆದು ಸಹಿ ಹಾಕುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಮಾತ್ರ, ದಿನಕ್ಕೊಂದು ದಿಕ್ಕಿಗೆ, ನೆಲ ನೋಡಿಕೊಂಡು ನಡೆಯುತ್ತಿದ್ದೆ. ಒಂಬತ್ತು ಚುಕ್ಕಿ, ಸೇರದ ಒಂದು ಎಳೆ. ಹತ್ತು ವರ್ಷದಲ್ಲಿ ನಾನು ನೋಡಿದಷ್ಟು ನೆಲವನ್ನು ಎರೆಹುಳುವೂ ನೋಡಿರಲಾರದು.

ಈ ಸಲದ ಚುನಾವಣೆಗೆ ಕರಡು ಪಟ್ಟಿ ಅಂಟಿಸಿದ ಮಾರನೆಯ ದಿನವೇ ಪರ್ವತಯ್ಯನವರು ನಮೂನೆ ಏಳು ತುಂಬಿ ತಂದರು. ಪಟ್ಟಿಯಲ್ಲಿರುವ ಹೆಸರಿಗೆ ಆಕ್ಷೇಪಣೆ ಸಲ್ಲಿಸುವ ನಮೂನೆ ಅದು. ಮೂವತ್ತು ವರ್ಷ ಸರಪಳಿ ಹಿಡಿದು ಊರ ನೆಲ ಅಳೆದ ಮನುಷ್ಯ, ಈಗ ನಿವೃತ್ತಿ. ಅಳೆದ ಮನೆ ಸಂಜೆಗೆ ಅಲ್ಲಿಲ್ಲದಿದ್ದರೆ ಮನುಷ್ಯನಿಗೆ ಹೇಗಾಗಬೇಡ?

"ಹತ್ತು ವರ್ಷದಿಂದ ನನ್ನ ಪಕ್ಕದ ಜಾಗ ಬಾಯಿ ಬಿಟ್ಕೊಂಡು ಬಿದ್ದಿದೆ ಕಣಯ್ಯ. ಇನ್ನು ಕಾಯೋದ್ರಲ್ಲಿ ಅರ್ಥ ಇಲ್ಲ. ಹೆಸರು ತೆಗೀರಿ, ಬೇರೆ ಯಾವ್ದಾದ್ರೂ ಮನೆ ಬಂದು ಕೂತ್ಕೊಳ್ಳಲಿ."

"ನಾನು ಹೋದ ತಿಂಗಳು ತಾನೇ ಅವರ ಮನೇಲಿ ಕಾಫಿ ಕುಡಿದು ಬಂದಿದೀನಿ!"

"ಹಂಗಾದ್ರೆ ತಹಶೀಲ್ದಾರ್ರಿಗೂ ಒಂದು ಲೋಟ ಕೊಡ್ಸು."

ತಹಶೀಲ್ದಾರ್ ದಿಲ್‌ಶಾದ್ ಮೇಡಂ ನಮ್ಮ ನೋಂದಣಿ ಅಧಿಕಾರಿ. ಹೊಸದಾಗಿ ವರ್ಗವಾಗಿ ಬಂದವರು, ಮಾತು ಕಡಿಮೆ. ಅರ್ಜಿ ಓದಿ, ನನ್ನ ಹತ್ತು ವರ್ಷದ ಷರಾಗಳನ್ನು ಓದಿ, "ವಾಸವಿದ್ದಾರೆ ಅಂತ ನೀವೇ ಬರೆದಿದೀರಿ. ಒಳ್ಳೇದಾಯ್ತು, ತೋರಿಸಿ. ಮೂರು ಸಲ ಹೋಗೋಣ. ಮೂರರಲ್ಲಿ ಒಂದು ಸಲನೂ ಸಿಗದಿದ್ರೆ ವಿಚಾರಣೆ ಮಾಡಿ ತೆಗೆದುಹಾಕ್ತೀನಿ" ಅಂದರು.

ಮೊದಲ ಸಲ ಖಾಲಿ ಜಾಗಕ್ಕೆ ಕರೆದುಕೊಂಡು ಹೋದೆ. ಅಲ್ಲಿ ತುಂಬೆಗಿಡ ಬೆಳೆದು ನಿಂತಿತ್ತು. "ಈಗ ತಾನೇ ಹೋಗಿದೆ ಮೇಡಂ, ನೆಲ ಇನ್ನೂ ಬೆಚ್ಚಗಿದೆ" ಅಂದೆ. ಅವರು ಬಗ್ಗಿ ನೆಲ ಮುಟ್ಟಿ ನೋಡಿದರು. ಎರಡನೆಯ ಸಲ ಜೀಪಿನಲ್ಲಿ ಕಾಲುವೆಯುದ್ದಕ್ಕೂ ಸುತ್ತಿಸಿದೆ. ಬೇರೆ ಹನ್ನೊಂದು ಮನೆ ಸಿಕ್ಕವು, ಮೂರು ಕಡೆ ಮಜ್ಜಿಗೆ ಸಿಕ್ಕಿತು, ಇನ್ನೂರ ಏಳು ಸಿಗಲಿಲ್ಲ. ಮೂರನೆಯ ಸಲ ಗುಡ್ಡ ಹತ್ತಿಸಿದೆ. ಮೇಲಿನಿಂದ ಸುತ್ತ ಹತ್ತು ಹರದಾರಿ ಕಾಣುತ್ತದೆ. ಅಷ್ಟು ದೂರದಲ್ಲಿ ಒಂದು ಮನೆ ಹೊಲದ ನಡುವೆ ಹೋಗುತ್ತಿತ್ತು. ನಾನು ಗುಡ್ಡ ಇಳಿಯಲು ಹೊರಟೇಬಿಟ್ಟೆ. ಮೇಡಂ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಹಸಿರು ಪರದೆ. ಅದು ಬಾಬಾಜಾನ್ ಸಾಹೇಬರದಲ್ವಾ?" ಅಂದರು. ಎರಡೇ ದಿನದಲ್ಲಿ ಊರು ಕಲಿತುಬಿಟ್ಟಿದ್ದರು. ನಾನು ತಲೆಯಾಡಿಸಿದೆ.

ವಿಚಾರಣೆ ಶಾಲೆಯಲ್ಲೇ ನಡೆಯಿತು. ಅರ್ಧ ಊರು ಕಿಟಕಿಯಲ್ಲಿ ನಿಂತಿತ್ತು. ಮೇಡಂ ನನ್ನ ಮೇಜಿನ ಹಿಂದೆ, ನಾನು ಮಕ್ಕಳ ಬೆಂಚಿನಲ್ಲಿ, ಪಕ್ಕದಲ್ಲಿ ಪರ್ವತಯ್ಯನವರು.

"ಮೇಷ್ಟ್ರೇ, ಒಂದೇ ಪ್ರಶ್ನೆ. ಆ ಮನೆಯನ್ನ ಕಡೇ ಸಲ ನೀವು ನಿಜವಾಗಿ ನೋಡಿದ್ದು ಯಾವಾಗ?"

ಕಾಲುವೆ, ಕಾಫಿ, ಕೋಡುಬಳೆ ಎಲ್ಲ ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು. ಕಿಟಕಿಯ ಜನ ನಗಲು ಕಾಯುತ್ತಿದ್ದರು. ಸುಳ್ಳು ಹೇಳಿದರೆ ಹೆಸರು ಹೋಗುತ್ತದೆ, ನಿಜ ಹೇಳಿದರೂ ಹೋಗುತ್ತದೆ. ಈರಣ್ಣ ಕೈ ಎತ್ತಿದ್ದು ನೆನಪಾಯಿತು. ಹಾಗೆ ಸೀಬಮ್ಮ ನನ್ನನ್ನು ನೋಡಿ ಮರ್ಯಾದೆಗೆ ಕೈ ಎತ್ತುವುದನ್ನು ನೆನೆದುಕೊಂಡೆ.

"ಹತ್ತು ವರ್ಷ ಆಯ್ತು ಮೇಡಂ. ಮತದಾನದ ಹಿಂದಿನ ದಿನ, ಬೆಳಿಗ್ಗೆ ಹತ್ತೂವರೆಗೆ. ಆಮೇಲೆ ನೋಡಿಲ್ಲ. ಬರೆದದ್ದೆಲ್ಲ ಸುಳ್ಳು."

ಯಾರೂ ನಗಲಿಲ್ಲ. ನನ್ನ ಬಾಯಿಂದ ಇಷ್ಟು ಚಿಕ್ಕ ಮಾತನ್ನು ಊರು ಅದೇ ಮೊದಲ ಸಲ ಕೇಳಿದ್ದು.

"ಮತ್ತೆ ವಾಪಸು ಬರ್ತಾರೆ ಅನ್ನೋದಕ್ಕೆ ಆಧಾರ?"

ಚೀಲದಿಂದ ಅಂಗಿ ತೆಗೆದು ಮೇಜಿನ ಮೇಲೆ ಹರಡಿದೆ. "ಬಲತೋಳು ಅವರ ಹತ್ರ ಇದೆ. ಹೊಲಿಗೆಯವರು ಅರ್ಧ ಕೆಲಸ ಬಿಟ್ಟು ಹೋಗಲ್ಲ ಮೇಡಂ."

ಮೇಡಂ ತೋಳಿಲ್ಲದ ಬದಿಯ ಅಂಚನ್ನು ಬೆರಳಿನಿಂದ ಸವರಿದರು. ಗುರುತಿಗೆ ಹಾಕಿದ್ದ ಬಿಳಿ ದಾರದ ಕಚ್ಚಾ ಹೊಲಿಗೆ ಇನ್ನೂ ಹಾಗೇ ಇತ್ತು. "ಆಯೋಗ ಕೊಟ್ಟಿರೋ ದಾಖಲೆಗಳ ಪಟ್ಟೀಲಿ ಒಂಟಿ ತೋಳಿನ ಅಂಗಿ ಇಲ್ಲ" ಎಂದು ಮೆಲ್ಲಗೆ ಹೇಳಿ, ಪರ್ವತಯ್ಯನವರ ಕಡೆ ತಿರುಗಿದರು. "ನೀವು ಯಾಕ್ರೀ ಇಷ್ಟು ಹಟ ಮಾಡ್ತಿದೀರಿ? ಆ ಜಾಗದಿಂದ ನಿಮಗೇನು ತೊಂದರೆ?"

ಪರ್ವತಯ್ಯನವರು ಕನ್ನಡಕ ತೆಗೆದು ಒರೆಸಿದರು. "ಆ ಮಿಷನ್ ಸದ್ದಿಗೆ ನನಗೆ ಮಧ್ಯಾಹ್ನ ನಿದ್ದೆ ಬರ್ತಿತ್ತು ತಾಯಿ. ಹತ್ತು ವರ್ಷದಿಂದ ಮಂಚದ ಮೇಲೆ ಕಣ್ಣು ಬಿಟ್ಕೊಂಡು ಬಿದ್ದಿರ್ತೀನಿ, ಈಗ ಕೇಳುತ್ತೇನೋ ಈಗ ಕೇಳುತ್ತೇನೋ ಅಂತ. ಅಲ್ಲಿ ಬೇರೆ ಮನೆ ಕೂತ್ರೆ ಕಿವಿ ಕಾಯೋದನ್ನ ಬಿಡುತ್ತಲ್ಲ, ಅದಕ್ಕೆ."

ಮೇಡಂ ಆದೇಶ ಬರೆದರು. ಆಮೇಲೆ ಬರೆದದ್ದನ್ನು ಓದಿ ಹೇಳಿದರು. ಸದರಿ ಮತದಾರರು ತಾತ್ಕಾಲಿಕವಾಗಿ ಗೈರುಹಾಜರಿದ್ದು, ಹಿಂತಿರುಗುವ ಉದ್ದೇಶ ಕಂಡುಬರುವುದರಿಂದ ಆಕ್ಷೇಪಣೆಯನ್ನು ಸದ್ಯಕ್ಕೆ ತಿರಸ್ಕರಿಸಿದೆ. ಪೆನ್ನಿನ ಮುಚ್ಚಳ ಹಾಕುತ್ತಾ ನನಗೆ ಬೇರೆಯಾಗಿ ಹೇಳಿದರು, "ಈ ಚುನಾವಣೆ ಮುಗಿಯೋವರೆಗೆ ಮಾತ್ರ ಮೇಷ್ಟ್ರೇ. ಅವತ್ತೂ ಬರದಿದ್ರೆ ಮಾರನೇ ದಿನ ಹೆಸರು ತೆಗೀತೀನಿ. ಇನ್ನು ನೀವು ಸುಳ್ಳು ಬರೀಬಾರದು, ನಾನು ಸುಳ್ಳಿಗೆ ಸಹಿ ಹಾಕಬಾರದು."

ಮತದಾನದ ದಿನ ಒಂಟಿ ತೋಳಿನ ಅಂಗಿ ಹಾಕಿಕೊಂಡೇ ಹೋದೆ. ಸಾಲಿಗೆ ಸಾಲೇ ನಕ್ಕಿತು. "ಮೇಷ್ಟ್ರೇ, ಅರ್ಧಕ್ಕೆ ಸೆಖೆ ಅರ್ಧಕ್ಕೆ ಚಳೀನಾ?" ಅಂದ ಹುಚ್ಚೀರಪ್ಪ. "ನಿನ್ನ ಅಂಗಡಿಯ ಅರ್ಧ ಗಡ್ಡದ ಗಿರಾಕಿಗಿಂತ ವಾಸಿ" ಅಂದೆ. ಎಂದಿನಂತೆ ಬಂದವರನ್ನೆಲ್ಲ ಮುಂದೆ ಕಳಿಸಿದೆ. ಆದರೆ ಈ ಸಲ ಜನ ಚುರುಕಾಗಿದ್ದರು, ಬೆಳಿಗ್ಗೆಯೇ ಬಂದು ಮುಗಿಸಿದ್ದರು. ಐದೂಮುಕ್ಕಾಲಿಗೆ ನೋಡಿದರೆ ಸಾಲಿನಲ್ಲಿ ನನ್ನ ಮುಂದೆ ಇಬ್ಬರೇ. ಅವರು ಒಳಗೆ ಹೋದರೆ ಮುಂದಿನವನು ನಾನು. ಆರಕ್ಕೆ ಮುಂಚೆ ನಾನು ಒಳಗೆ ಹೋಗಿಬಿಟ್ಟರೆ ಸಾಲೂ ಇಲ್ಲ, ಬಾಲವೂ ಇಲ್ಲ, ಹಿಡಿದುಕೊಂಡಿರಲು ಜಾಗವೂ ಇಲ್ಲ.

ಆ ಇಬ್ಬರಲ್ಲಿ ಒಬ್ಬ ಹೋದ. ಇನ್ನೊಬ್ಬಳೂ ಹೋದಳು. ಬಾಗಿಲ ಪೊಲೀಸಿನವನು, "ಬನ್ನಿ ಮೇಷ್ಟ್ರೇ" ಎಂದು ಕೈ ಬೀಸಿದ. ಆಗ ಗೇಟಿನಿಂದ ಕೋಲೂರಿಕೊಂಡು ಪರ್ವತಯ್ಯನವರು ಬಂದರು. ಬೆಳಿಗ್ಗೆಯಿಂದ ವೋಟಿಗೆ ಬಾರದೆ ಎದುರಿನ ಹುಣಸೆ ಮರದ ಕೆಳಗೆ ಕೂತಿದ್ದರಂತೆ.

"ಸರಿ ಆಚೆ, ನಾನು ಮುಂದೆ. ನೀನು ಹಿಂದೆ ನಿಂತ್ಕೊ."

"ಪರ್ವತಯ್ಯನೋರೆ..."

"ಮೋಜಣಿಯವನಯ್ಯ ನಾನು. ಒಂದಡಿ ಜಾಗ ದಾಟೋಕೆ ಅರ್ಧ ದಿನ ತಗೊಂಡಿರೋ ಉದಾಹರಣೆ ಇದೆ."

ಅವರು ಬಾಗಿಲವರೆಗಿನ ಆರು ಹೆಜ್ಜೆಯನ್ನು ಆರು ಗಾವುದ ಮಾಡಿದರು. ಒಳಗೆ ಗುರುತಿನ ಚೀಟಿಗೆ ಎಲ್ಲ ಜೇಬು ಹುಡುಕಿದರು, ಸಹಿ ಹಾಕುವಾಗ ಪೂರ್ತಿ ಹೆಸರು, ತಂದೆಯ ಹೆಸರು, ಊರಿನ ಹೆಸರು ಬರೆದರು, ಮಸಿ ಹಾಕುವವನಿಗೆ ಬೆರಳನ್ನು ಒರೆಸಿ ಒರೆಸಿ ಕೊಟ್ಟರು. ಯಂತ್ರದ ಮುಂದೆ ನಿಂತು ಒಬ್ಬೊಬ್ಬ ಅಭ್ಯರ್ಥಿಯ ಹೆಸರನ್ನೂ ಗಟ್ಟಿಯಾಗಿ ಓದತೊಡಗಿದಾಗ, ಒಳಗಿನವರು "ಅಜ್ಜಾರೆ, ಮನಸ್ಸಲ್ಲಿ ಓದ್ಕೊಳ್ಳಿ" ಎಂದು ಬೇಡಿಕೊಂಡದ್ದು ನನಗೆ ಹೊರಗೆ ಕೇಳಿಸಿತು. ನಾನು ಗೋಡೆಯ ಗಡಿಯಾರ ನೋಡಲಿಲ್ಲ, ಹಿಂದೆ ತಿರುಗಲೂ ಇಲ್ಲ. ನೆಲ ನೋಡಿಕೊಂಡು ನಿಂತಿದ್ದೆ.

ಆರು ಹೊಡೆಯಿತು. ಅಧ್ಯಕ್ಷಾಧಿಕಾರಿ, ಪರಸ್ಥಳದ ಮನುಷ್ಯ, ಕೈಯಲ್ಲಿ ಚೀಟಿ ಹಿಡಿದು ಹೊರಗೆ ಬಂದರು. ನಾನು ರೂಢಿಯಂತೆ ಒಂದನೇ ನಂಬರಿಗೆ ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋದರು.

"ತಗೊಳ್ಳಿಮ್ಮ, ಒಂದನೇ ನಂಬರು" ಎಂದು ನನ್ನ ಬೆನ್ನ ಹಿಂದೆ ಹೇಳಿ, ವಾಪಸು ಬಂದು, ನನ್ನ ಕೈಯಲ್ಲಿ ಎರಡನೆಯದನ್ನು ಇಟ್ಟರು.

ಓದಿನಲ್ಲಿ, ಓಟದಲ್ಲಿ, ಈಜಿನಲ್ಲಿ, ಮಾತಿನಲ್ಲಿ ಎಲ್ಲದರಲ್ಲೂ ಮೊದಲಿಗನೆಂದು ಹೇಳಿಕೊಂಡೇ ಬಂದವನು ನಾನು. ಎರಡು ಎಂದು ಬರೆದಿದ್ದ ಆ ಕಾಗದದ ಚೂರನ್ನು ನೋಡುತ್ತಾ ನನಗೆ ಕಣ್ಣು ಕಾಣಿಸದಾಯಿತು.

"ಉಸಿರು ಬಿಡಿ ಮೇಷ್ಟ್ರೇ, ಎಷ್ಟೊತ್ತು ಹಿಡ್ಕೊಂಡಿರ್ತೀರಿ?"

ತಿರುಗಿದೆ. ಸೀಬಮ್ಮನ ಕೂದಲಿಗೆ ಬೆಳ್ಳಗಿನ ಎಳೆಗಳು ಬಂದಿದ್ದವು. ಬೆರಳ ತುದಿಯಲ್ಲಿ ರಂಗೋಲಿ ಪುಡಿ ಇತ್ತು. ಕೊರಳಲ್ಲಿ ಅದೇ ಟೇಪು, ಕೈಯಲ್ಲಿ ತಿಳಿನೀಲಿ ತೋಳು. ಗೇಟಿನಾಚೆ ಅವರ ಮನೆ, ಓಡಿ ಬಂದು ನಿಂತ ದನದ ಹಾಗೆ, ಧೂಳೆಬ್ಬಿಸಿಕೊಂಡು ನಿಂತಿತ್ತು. ಜಗಲಿಯಲ್ಲಿ ಸೋದರತ್ತೆ ಕಂಬ ಹಿಡಿದುಕೊಂಡಿದ್ದರು.

"ಎಲ್ಲಿಗೆ ಹೋಗಿದ್ರಿ?" ನನ್ನ ಬಾಯಿಗೆ ಬಂದದ್ದು ಅಷ್ಟೇ.

"ಎಲ್ಲೆಲ್ಲೋ. ಅದು ನಿಂತ ಕಡೆಯೆಲ್ಲ ರಂಗೋಲಿ ಹಾಕ್ದೆ, ಯಾರಾದ್ರೂ ಗುರುತು ಹಿಡೀತಾರೇನೋ ಅಂತ. ಬೇರೆ ಊರುಗಳಲ್ಲಿ ನೆಲ ನೋಡ್ಕೊಂಡು ನಡೆಯೋರೇ ಸಿಗಲ್ಲ ಮೇಷ್ಟ್ರೇ. ತುಳ್ಕೊಂಡು ಹೋಗ್ತಾರೆ."

ಒಳಗಿನಿಂದ ಯಂತ್ರ ಕುಂಯ್ ಎಂದಿತು. ಪರ್ವತಯ್ಯನವರು ಹೊರಗೆ ಬಂದು ನಮ್ಮಿಬ್ಬರನ್ನೂ ನೋಡಿದರು. "ಬಂದ್ಯೇನಮ್ಮ? ಮಿಷನ್ನಿಗೆ ಎಣ್ಣೆ ಬಿಡು ಮೊದಲು" ಎಂದು ಕೋಲೂರಿಕೊಂಡು ಹೊರಟರು. ಪೊಲೀಸಿನವನು ನನ್ನನ್ನು ಕರೆದ. "ನೀವು ಮೊದಲು ಹೋಗಿ" ಎಂದೆ ಸೀಬಮ್ಮನಿಗೆ. "ಹಾಗೆಲ್ಲ ಆಗಲ್ಲ ಸ್ವಾಮಿ, ನಂಬರಿನ ಪ್ರಕಾರ. ಎರಡು ಮೊದಲು, ಒಂದು ಕಡೆಗೆ" ಅಂದ ಅವನು.

ನಾನು ಗೇಟಿನಾಚೆಗಿನ ಮನೆಯ ಕಡೆ ನೋಡಿದೆ. ನಾನು ಒಳಗೆ ಹೋಗಿ ಹೊರಬರುವಷ್ಟರಲ್ಲಿ ಆ ಮನೆ ಏನು ಮಾಡೀತೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಸೀಬಮ್ಮ ನನ್ನ ಮುಖ ನೋಡಿದರು. ಸೂಜಿಗೆ ದಾರ ಪೋಣಿಸಿದರು. ತೋಳನ್ನು ನನ್ನ ಬಲಗೈಗೆ ಏರಿಸಿ, ಹೆಗಲ ಹತ್ತಿರ ನಾಲ್ಕು ಹೊಲಿಗೆ ಹಾಕಿದರು. ದಾರ ಕತ್ತರಿಸಲಿಲ್ಲ. ಉಂಡೆಯನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು, "ಹೋಗಿ ಬನ್ನಿ. ಇಲ್ಲೇ ಇದೀನಿ ಅನ್ನೋಕೆ ಜಗ್ತೀನಿ" ಅಂದರು.

ಒಳಗೆ ಅಧಿಕಾರಿ ಕೇಳಿದರು, "ಏನ್ರೀ ಇದು ದಾರ?"

"ಅಂಗಿ ಹೊಲಿಗೆ ನಡೀತಾ ಇದೆ ಸಾರ್."

ಅವರು ತಮ್ಮ ಕೈಪಿಡಿ ತಿರುವಿ ಹಾಕಿದರು. ಅದರಲ್ಲಿ ದಾರದ ವಿಷಯ ಇರಲಿಲ್ಲ. ಹೆಸರು ಓದಿದರು, ಸಹಿ ಹಾಕಿದೆ, ಎಡಗೈ ತೋರುಬೆರಳಿಗೆ ಮಸಿ ಬಿತ್ತು. ಮರೆಯ ಹಿಂದೆ ಹೋಗಿ ಗುಂಡಿ ಒತ್ತಿದೆ. ವೋಟು ಬಿದ್ದದ್ದು ಯಾರಿಗೆ ಎಂದು ತೋರಿಸುವ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ನಿಲ್ಲುತ್ತದೆ. ಹತ್ತು ವರ್ಷ ಕಾದವನಿಗೆ ಆ ಏಳು ಸೆಕೆಂಡು ಇನ್ನೊಂದು ಹತ್ತು ವರ್ಷವಾಯಿತು. ಇದು ಮಾತ್ರ ಹೆಚ್ಚಿಗೆ ಹೇಳಿದ್ದಲ್ಲ. ಒಂದು, ಎರಡು, ಮೂರು ಎಂದು ಎಣಿಸುತ್ತಾ, ಹೆಗಲ ಮೇಲಿನಿಂದ ಬಾಗಿಲಾಚೆಗೆ ಹೋಗಿದ್ದ ಬಿಳಿ ದಾರವನ್ನೇ ನೋಡುತ್ತಿದ್ದೆ. ಅದು ಸಡಿಲವಾಗಿ ನೆಲದ ಮೇಲೆ ಬಿದ್ದಿತ್ತು. ನಾಲ್ಕು. ಐದು. ಹೊರಗೆ ಮನೆ ಮಿಸುಕಿದ ಸದ್ದು ಕೇಳಿಸಿತು. ಆರು.

ದಾರ ನೆಲ ಬಿಟ್ಟು ಎದ್ದು, ಬಿಗಿಯಾಗಿ, ನನ್ನ ಹೆಗಲನ್ನು ಮೆಲ್ಲಗೆ ಎರಡು ಸಲ ಜಗ್ಗಿತು.